ನೀಲಗಿರಿ ತೋಪಿನ ಮೇಲೆ ಲೇಔಟ್: ಎರಡು ಮಳೆಗಾಲ ಕಾದ ಲೆಕ್ಕ

ಮಾಲೂರು ಕಡೆಯ ನಮ್ಮ 14 ಎಕರೆ ಲೇಔಟ್‌ನಲ್ಲಿ ರಸ್ತೆ ಹಾಕಿದ ಮೇಲೆ ಮೂರನೆಯ ಮಳೆಗಾಲವೂ ಮುಗಿಯಿತು. ಎಲ್ಲಿಯೂ ಡಾಂಬರು ಕುಸಿದಿಲ್ಲ, ಒಂದು ಒಳಚರಂಡಿ ಚೇಂಬರ್ ವಾಲಿಲ್ಲ. ನೀಲಗಿರಿ ತೋಪು ಕಿತ್ತು ಎರಡು ಮಳೆಗಾಲ ನೆಲವನ್ನು ಬಿಟ್ಟು ಆಮೇಲೆ ಕೆಲಸಕ್ಕೆ ಇಳಿಯುತ್ತೇನೆ ಎಂದಾಗ ನಮ್ಮ ಧಂದೆಯವರೇ ನಕ್ಕಿದ್ದರು. ‘ಬಡ್ಡಿ ನಿನ್ನನ್ನು ತಿಂದು ಹಾಕುತ್ತದೆ’ ಎಂದು ಎಚ್ಚರಿಸಿದವರೂ ಇದ್ದರು. ಅವರಲ್ಲಿ ಕೆಲವರು ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದು ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೊಸಕೋಟೆ, ಮಾಲೂರು, ದೇವನಹಳ್ಳಿ ಸುತ್ತ ಕೆಲಸ ಮಾಡುವವರಿಗೆ ನೀಲಗಿರಿಯ ಕಥೆ ಗೊತ್ತು. ಎಂಬತ್ತರ ದಶಕದಲ್ಲಿ, ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ, ರಾಗಿ ಹೊಲಗಳು ಸಾಲುಸಾಲಾಗಿ ತೋಪಾದವು. ಕೂಲಿ ಬೇಡ, ಕಾವಲು ಬೇಡ, ದನ ಬಾಯಿ ಹಾಕುವುದಿಲ್ಲ, ಏಳೆಂಟು ವರ್ಷಕ್ಕೊಮ್ಮೆ ಕಡಿದು ಮಾರಿದರಾಯಿತು. ಬುಡದಿಂದ ಮತ್ತೆ ಕೂಳೆ ಬರುತ್ತದೆ, ಮತ್ತೆ ಕಡಿಯಬಹುದು. 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆಮೇಲೆ ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ದಾಟಿ ಹೋಗುವ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಬಂತು. ತೋಪುಗಳಲ್ಲಿ ಈಗ ಮರಕ್ಕಿಂತ ಸರ್ವೆ ಕಲ್ಲುಗಳೇ ಹೆಚ್ಚು.

ಭೂ ಪರಿವರ್ತನೆ, 11ಇ ಎಂಬ ಸರ್ವೆ ನಕ್ಷೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇವನ್ನೆಲ್ಲ ಬಿಡುತ್ತೇನೆ, ನೀವೂ ದಿನಾ ಅಲೆಯುವ ದಾರಿಯೇ. ತೋಪಿನ ಜಮೀನಿಗೆ ಮಾತ್ರ ಒಂದು ಮಾತು: ಪಹಣಿ ನೋಡಿ ನಿಲ್ಲಬೇಡಿ, ಮೂಲ ಮಂಜೂರಾತಿಯ ತನಕ ಹೋಗಿ. ಕಲ್ಲು ನೆಲವನ್ನು ಭೂರಹಿತರಿಗೆ ಮಂಜೂರು ಮಾಡಿ, ಅಲ್ಲಿ ಬೇರೇನೂ ಬೆಳೆಯದೆ ಅವರು ನೀಲಗಿರಿ ಹಾಕಿದ್ದು ನಮ್ಮ ಕಡೆ ಬಹಳ. ಅದು 1978ರ ಪಿಟಿಸಿಎಲ್ ಕಾಯ್ದೆಯ (ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಕೈ ಬದಲಾಗದಂತೆ ತಡೆಯುವ ಕಾಯ್ದೆ) ವ್ಯಾಪ್ತಿಗೆ ಬಂದರೆ ಅನುಮತಿ ಇಲ್ಲದ ಯಾವ ಕ್ರಯವೂ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ನಂತರ ‘ಬಹಳ ವರ್ಷವಾಯಿತು’ ಎಂಬ ನೆಪವನ್ನೂ ನಂಬಿಕೊಂಡು ಕೂರುವಂತಿಲ್ಲ. ನಮಗೆ ಹೊಂದಿಕೊಂಡಿದ್ದ 3 ಎಕರೆಯನ್ನು ಇದೇ ಕಾರಣಕ್ಕೆ ಬಿಟ್ಟೆ. ಏಜೆಂಟರು ಸರಿ ಮಾಡಿಸಿಕೊಡುತ್ತೇವೆ ಎಂದರು. ಅವರು ಸರಿ ಮಾಡುವ ರೀತಿ ನನಗೆ ಗೊತ್ತಿದ್ದದ್ದೇ.

ಕಾಯುವ ಹಟ ನನಗೆ ಸುಮ್ಮನೆ ಬರಲಿಲ್ಲ. ಇದಕ್ಕೆ ಮೊದಲು ಪಾಲುದಾರಿಕೆಯಲ್ಲಿ 6 ಎಕರೆಯ ತೋಪೊಂದನ್ನು ಎಲ್ಲರೂ ಮಾಡುವಂತೆಯೇ ಮಾಡಿದ್ದೆವು. ಮರವನ್ನು ನೆಲಮಟ್ಟಕ್ಕೆ ಕೊಯ್ದು, ಮೇಲೆ ಒಂದೂವರೆ ಅಡಿ ಗ್ರಾವೆಲ್ ಮಣ್ಣು ಭರ್ತಿ ಮಾಡಿ, ರೋಲರ್ ಓಡಿಸಿ, ಜಲ್ಲಿ ಹಾಕಿ ಡಾಂಬರು ಬಳಿದೆವು. ಮೊದಲ ಬೇಸಿಗೆಯಲ್ಲೇ ರಸ್ತೆಯ ಅಂಚನ್ನು ಸೀಳಿಕೊಂಡು ಕೂಳೆ ಚಿಗುರಿತು. ಕೊಚ್ಚಿಸಿದೆವು. ಎರಡನೆಯ ವರ್ಷ ಬೊಡ್ಡೆಗಳು ಕೊಳೆಯಲು ತೊಡಗಿ ಗೆದ್ದಲು ಸೇರಿಕೊಂಡಿತು. ಒಳಚರಂಡಿಯ ಚೇಂಬರ್‌ಗಳು ಒಂದೊಂದು ಒಂದೊಂದು ದಿಕ್ಕಿಗೆ ವಾಲಿದವು. ಮನೆ ಕಟ್ಟಿದವರೊಬ್ಬರ ಕಾಂಪೌಂಡು ಮೂಲೆಯಲ್ಲಿ ಬಿರಿಯಿತು.

ಒಂದು ಕಡೆ ರಸ್ತೆ ಅಗೆಸಿ ನಾನೇ ಕೆಳಗಿಳಿದು ನೋಡಿದೆ. ತಾಯಿಬೇರು ಇದ್ದ ಜಾಗದಲ್ಲಿ ತೋಳು ತೂರುವಷ್ಟು ದಪ್ಪದ ಪೊಳ್ಳು. ಬೇರಿನ ಸಿಪ್ಪೆ ಹಾಗೆಯೇ ಇತ್ತು, ತಿರುಳನ್ನು ಗೆದ್ದಲು ತಿಂದು ಒಳಗೋಡೆಗೆ ಮಣ್ಣು ಮೆತ್ತಿತ್ತು. ಒಂದು ಕೊಡ ನೀರು ಸುರಿದರೆ ಗುಳಗುಳ ಎಂದು ಇಳಿದುಹೋಯಿತು. ಇನ್ನೊಂದು ಕೊಡವೂ ಅಷ್ಟೇ. ಎಕರೆಗೆ ಕಡಿಮೆಯೆಂದರೂ ಸಾವಿರ ಬೊಡ್ಡೆ. ಅಷ್ಟು ಪೊಳ್ಳಿನ ಮೇಲೆ ಯಾವ ರಸ್ತೆ ತಾನೇ ನಿಂತೀತು? ತೇಪೆ, ಮರುಡಾಂಬರು, ಚೇಂಬರ್ ಎತ್ತಿ ಕೂರಿಸುವುದು, ಕಾಂಪೌಂಡಿನ ಪರಿಹಾರ ಎಲ್ಲ ಸೇರಿ 35-40 ಲಕ್ಷ ಹೋಯಿತು. ಪಾಲುದಾರಿಕೆಯೂ ಅದರ ಜೊತೆಗೇ ಹೋಯಿತು.

ಆದ್ದರಿಂದ 14 ಎಕರೆಯಲ್ಲಿ ಬೊಡ್ಡೆ ಪೂರ್ತಿ ಕೀಳಿಸಲೇಬೇಕೆಂದು ಮೊದಲೇ ತೀರ್ಮಾನಿಸಿದ್ದೆ. ಆದರೂ ಅಗ್ಗದ ದಾರಿ ಇದೆಯೇ ಎಂದು ಒಂದು ಮೂಲೆಯಲ್ಲಿ ಪ್ರಯೋಗ ಮಾಡಿಸಿದೆ. ಬೊಡ್ಡೆಗೆ ತೂತು ಕೊರೆದು ಯೂರಿಯಾ ತುಂಬಿಸಿದೆ. ಕೂಳೆ ಇನ್ನಷ್ಟು ಹಸಿರಾಗಿ ಬಂತು. ಉಪ್ಪು ತುಂಬಿಸಿದೆ, ಬೊಡ್ಡೆ ಸಾಯಲಿಲ್ಲ, ಪಕ್ಕದ ಹುಲ್ಲು ಸತ್ತಿತು. ಬೆಂಕಿ ಹಾಕಿಸಿದ್ದು ಎಲ್ಲಕ್ಕಿಂತ ಕೆಟ್ಟದ್ದು. ಮೇಲೆ ಆರಿದಂತೆ ಕಂಡರೂ ಬೇರಿನೊಳಗೆ ದಿನಗಟ್ಟಲೆ ಉರಿದು, ಹತ್ತು ಅಡಿ ಆಚೆ ನೆಲದಿಂದ ಹೊಗೆ ಬಂತು. ಕಪ್ಪು ಟಾರ್ಪಾಲು ಮುಚ್ಚಿ ಬಿಸಿಲು ತಪ್ಪಿಸಿದರೆ ಕೂಳೆ ಸಾಯುವುದು ನಿಜ, ಆದರೆ ಬೊಡ್ಡೆ ನೆಲದಲ್ಲೇ ಉಳಿಯುವುದರಿಂದ ನಮ್ಮ ಕೆಲಸಕ್ಕೆ ಬಾರದು.

ಕೊನೆಗೆ ಹಿಟಾಚಿಯೇ (ಜೆಸಿಬಿಗಿಂತ ದೊಡ್ಡ ಅಗೆಯುವ ಯಂತ್ರ) ಗತಿ. ಒಂದೇ ಸಲ ಕಡಿದ ಎಳೆ ತೋಪಾದರೆ ಜೆಸಿಬಿ ಸಾಕು. ಮೂರು ಸಲ ಕೂಳೆ ತೆಗೆದ ಬೊಡ್ಡೆಗೆ ಕೈ ಹಾಕಿದರೆ ಜೆಸಿಬಿಯ ಹಿಂಗಾಲೇ ಮೇಲೇಳುತ್ತದೆ. ಒಣನೆಲದಲ್ಲಿ ಕೀಳಿಸಬೇಡಿ, ತಾಯಿಬೇರು ಮಧ್ಯದಲ್ಲಿ ಮುರಿದು ಅರ್ಧ ಒಳಗೇ ಉಳಿಯುತ್ತದೆ. 2021ರ ಬೇಸಿಗೆಯಲ್ಲಿ ಎರಡು ಹದ ಮಳೆ ಬೀಳುವವರೆಗೆ ಯಂತ್ರ ತರಿಸಲಿಲ್ಲ. ಬಕೆಟ್‌ನ ಹಲ್ಲನ್ನು ಯಾವ ಕಡೆಯಿಂದ, ಎಷ್ಟು ದೂರದಲ್ಲಿ ಊರಿದರೆ ಬೇರು ಇಡಿಯಾಗಿ ಬರುತ್ತದೆ ಎಂಬುದು ನನ್ನ ಆಪರೇಟರ್‌ಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವನು ನನಗೆ ಸಿಗುವುದಿಲ್ಲ.

ಗಂಟೆಗೆ 25 ಬೊಡ್ಡೆಯ ಸರಾಸರಿ ಬಂತು. ಆಗ ಗಂಟೆಗೆ 1,900 ರೂಪಾಯಿಯ ಆಸುಪಾಸು ಕೊಟ್ಟ ನೆನಪು. ಎಕರೆಗೆ 75 ಸಾವಿರದ ಮೇಲೆ, ಒಟ್ಟು ಹತ್ತೂವರೆ ಲಕ್ಷದ ಮೇಲೆ. ಇಷ್ಟು ಕೇಳಿಯೇ ಬಹಳ ಜನ ಹಿಂದೆ ಸರಿಯುತ್ತಾರೆ. ಆದರೆ ಮಾಲೂರಿನ ಸುತ್ತ ಇಟ್ಟಿಗೆ ಗೂಡುಗಳಿಗೆ ಬರವಿಲ್ಲ, ಗೂಡಿಗೆ ನೀಲಗಿರಿ ಬೊಡ್ಡೆಗಿಂತ ಒಳ್ಳೆಯ ಸೌದೆ ಇಲ್ಲ. ಮಣ್ಣು ಉದುರಿಸಿ, ಒಂದು ತಿಂಗಳು ಒಣಗಿಸಿ ಟನ್ ಲೆಕ್ಕದಲ್ಲಿ ಕೊಟ್ಟೆ. ಮೂರೂಮುಕ್ಕಾಲು ಲಕ್ಷ ವಾಪಸು ಬಂತು. ಹಸಿಯಾಗಿ ಕೊಟ್ಟರೆ ತೂಕ ಹೆಚ್ಚು, ಲಾಭ ಎಂದು ಯೋಚಿಸುವವರಿಗೆ ಹೇಳುತ್ತೇನೆ: ಗೂಡಿನವರು ನಮಗಿಂತ ಬುದ್ಧಿವಂತರು.

ಈಗ ಕಾಯುವ ವಿಚಾರ. ಬೊಡ್ಡೆ ಬಂದ ಮೇಲೆ ಉಳಿಯುವುದು ಮೂರು ಅಡಿ ಅಗಲದ ಗುಂಡಿ, ತಳದಲ್ಲಿ ಸಡಿಲ ಮಣ್ಣು. ನಮ್ಮ ಸಲಹೆಗಾರ ಎಂಜಿನಿಯರರು ಪದರಪದರವಾಗಿ ಮಣ್ಣು ತುಂಬಿ, ನೀರು ಹೊಡೆದು, ರೋಲರ್ ಓಡಿಸಿದರೆ ತಿಂಗಳಲ್ಲಿ ಮುಗಿಯುತ್ತದೆ ಎಂದರು. ರಸ್ತೆಯ ಅಗಲಕ್ಕೆ ಅದು ಸರಿಯೇ. ಆದರೆ ಪಕ್ಕಬೇರು ಬೇಲಿಯಾಚೆಗೂ ಹೋಗಿರುತ್ತದೆ, ತಾಯಿಬೇರಿನ ತುದಿ ಆರೇಳು ಅಡಿ ಕೆಳಗೆ ಇರುತ್ತದೆ. ಅಲ್ಲಿಗೆ ಯಾವ ರೋಲರಿನ ಭಾರವೂ ಮುಟ್ಟುವುದಿಲ್ಲ, ನೀರು ಮುಟ್ಟುತ್ತದೆ. ಗುಂಡಿಯನ್ನು ಪೂರ್ತಿ ಮುಚ್ಚದೆ ಬಾಣಲೆಯಂತೆ ತಗ್ಗು ಬಿಟ್ಟೆ, ಮಳೆನೀರು ಅಲ್ಲೇ ನಿಂತು ಇಳಿಯಲಿ ಎಂದು. ಮುಂದೆ ರಸ್ತೆ ಬರುವ ಕಡೆ ಗೂಟ ನೆಟ್ಟು ಲೆವೆಲ್ ತೆಗೆಸುತ್ತಿದ್ದೆ. ಮೊದಲ ಮಳೆಗಾಲಕ್ಕೆ ಏಳೆಂಟು ಇಂಚು ಕುಸಿಯಿತು. ಮತ್ತೆ ಮಣ್ಣು ತುಂಬಿಸಿದೆ. ಎರಡನೆಯದಕ್ಕೆ ಎರಡು ಇಂಚು ಇಳಿದಿದ್ದರೆ ಹೆಚ್ಚು. ಕೀಳುವಾಗ ತಪ್ಪಿಸಿಕೊಂಡ ಬೊಡ್ಡೆಗಳು ಮೊದಲ ಮಳೆಗೇ ಚಿಗುರಿ ತಾವಾಗಿ ಸಿಕ್ಕಿಬಿದ್ದವು, ಸುಮಾರು ಮುನ್ನೂರು ಇದ್ದವು. ರಸ್ತೆ ಹಾಕಿದ ಮೇಲೆ ಅವು ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಬೇರೆ ಹೇಳಬೇಕಿಲ್ಲ.

2021ರ ನವೆಂಬರಿನಲ್ಲಿ ಕೋಲಾರ ಜಿಲ್ಲೆಯಲ್ಲಿ ಮಳೆ ಹೇಗೆ ಸುರಿಯಿತೆಂದು ಎಲ್ಲರಿಗೂ ನೆನಪಿರಬೇಕು. 2022 ಕೂಡ ಹಾಗೆಯೇ. ಅದೃಷ್ಟ ಎನ್ನುವವರು ಎನ್ನಲಿ. ಬರಗಾಲದಲ್ಲಿ ಇದೇ ಕೆಲಸ ಮಾಡಿದ್ದರೆ ಮೂರನೆಯ ಮಳೆಗೂ ಕಾಯಬೇಕಾಗುತ್ತಿತ್ತು, ಅದನ್ನು ಒಪ್ಪುತ್ತೇನೆ.

ಬಡ್ಡಿಯ ಲೆಕ್ಕ ನೇರವಾಗಿದೆ. ಜಮೀನುದಾರರ ಜೊತೆ ಜಂಟಿ ಅಭಿವೃದ್ಧಿ, ನೂರಕ್ಕೆ ಅವರಿಗೆ 55, ನನಗೆ 45. ಆಗ ಆ ಕಡೆ ಎಕರೆಗೆ 20 ಲಕ್ಷ ಮುಂಗಡ ಕೇಳುವ ರೂಢಿ ಇತ್ತು. ಅಷ್ಟು ಕೊಟ್ಟಿದ್ದರೆ 2 ಕೋಟಿ 80 ಲಕ್ಷಕ್ಕೆ ವರ್ಷಕ್ಕೆ 50 ಲಕ್ಷ ಬಡ್ಡಿ, ಎರಡು ವರ್ಷಕ್ಕೆ ಒಂದು ಕೋಟಿ. ಗ್ರಾಹಕರ ಹಣದಿಂದ ತೂಗಿಸುವ ಕಾಲವೂ ಹೋಯಿತು. ರೇರಾ ನೋಂದಣಿಗೆ ಮೊದಲು ಒಂದು ಸೈಟು ಬುಕ್ ಮಾಡುವಂತಿಲ್ಲ, ಆಮೇಲೆ ಬಂದದ್ದರಲ್ಲೂ ನೂರಕ್ಕೆ 70 ಪ್ರತ್ಯೇಕ ಖಾತೆಗೆ. ಆದ್ದರಿಂದ ಮುಂಗಡವನ್ನೇ ಕೆಳಗಿಳಿಸಿದೆ. ಕೊನೆಯ ಕಟಾವಿನ ಮರದ ಹಣವೆಲ್ಲ ನಿಮ್ಮದೇ, ಎರಡು ವರ್ಷ ಬೆಳೆಯೂ ನಿಮ್ಮದೇ, ಮುಂಗಡ ಎಕರೆಗೆ 6 ಲಕ್ಷ ಎಂದೆ. ಒಪ್ಪಿಸಲು ಬೆವರು ಇಳಿಯಿತು, ಆದರೆ ಒಪ್ಪಿದರು.

ಇನ್ನೊಂದು ವಿಷಯವನ್ನು ನಕ್ಕವರು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪರಿವರ್ತನೆಯಿಂದ ನಕ್ಷೆ ಮಂಜೂರಾತಿಯವರೆಗೆ ಹೇಗೂ ಒಂದೂವರೆ ವರ್ಷ ಹಿಡಿಯುತ್ತದೆ. ಎಲ್ಲರೂ ಮಂಜೂರಾತಿ ಬಂದ ಮೇಲೆ ಬೊಡ್ಡೆಗೆ ಕೈ ಹಾಕುತ್ತಾರೆ. ಖಾಸಗಿ ಜಮೀನಿನ ನೀಲಗಿರಿ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ವಿನಾಯಿತಿ ಇದೆ. ಬೊಡ್ಡೆ ಕಿತ್ತು ಹುರುಳಿ ಬಿತ್ತುವುದು ಶುದ್ಧ ಬೇಸಾಯ. ಕಡತ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿದ್ದಾಗ ನಮ್ಮ ಗುಂಡಿಗಳು ಕುಸಿಯುತ್ತಿದ್ದವು. ಲೆಕ್ಕ ಹಾಕಿದರೆ ನಾನು ನಿಜವಾಗಿ ಹೆಚ್ಚು ಕಾದದ್ದು ಆರೇಳು ತಿಂಗಳು. ಜಮೀನುದಾರರ ಮನೆಯ ಅಜ್ಜಿ ಮಾತ್ರ ನನ್ನನ್ನು ನಿಲ್ಲಿಸಿ ಕೇಳಿದರು: ‘ಅಲ್ಲಪ್ಪಾ, ಸೈಟು ಮಾಡುತ್ತೇನೆಂದು ಬಂದು ಹುರುಳಿ ಬಿತ್ತಿಸುತ್ತಿದ್ದೀಯಲ್ಲ, ನಿನಗೆ ಬೇರೆ ಕಸುಬು ಇಲ್ಲವೇ?’ ಮೊದಲ ವರ್ಷ ಹುರುಳಿ ಗೇಣುದ್ದ ಬಂದು ನಿಂತಿತು, ಕಟಾವಿಗೆ ಬರಲಿಲ್ಲ. ಎರಡನೆಯ ವರ್ಷ ಅದೇ ಅಜ್ಜಿ ನಮ್ಮ ಮನೆಗೆ ಹುರುಳಿ ಕಳಿಸಿದರು.

ನಕ್ಷೆಯ ವಿಷಯದಲ್ಲೂ ಜಗಳವಾಯಿತು. ನಕ್ಷೆ ಬರೆಯುವವರು ತಂದ ಮೊದಲ ಹಾಳೆಯಲ್ಲಿ ಚೌಕಾಬಾರದ ಮನೆಗಳಂತೆ ಎಕರೆಗೆ 20ರ ಲೆಕ್ಕದಲ್ಲಿ 30-40 ಅಡಿಯ ಸೈಟುಗಳು, ರಸ್ತೆಗಳು ಇಳಿಜಾರಿಗೆ ನೆಟ್ಟಗೆ. ಈಶಾನ್ಯ ಮೂಲೆಯಲ್ಲಿ ಜಮೀನುದಾರರ ತಾತ ಕಟ್ಟಿದ ನೀರಿನ ಕುಂಟೆಯೊಂದಿತ್ತು, ಅದನ್ನು ಮುಚ್ಚಿ ಒಂಬತ್ತು ಸೈಟು ತೆಗೆದಿದ್ದರು. ನಾನು ರಸ್ತೆಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿ ಹಿಡಿದು ಉತ್ತರ-ದಕ್ಷಿಣಕ್ಕೆ ತಿರುಗಿಸಿದೆ. ಮಳೆನೀರು ರಸ್ತೆಯ ಮೇಲೆ ಓಡದೆ ಪ್ರತಿ ಸಾಲಿನ ಚರಂಡಿಗೆ ಹಂಚಿಹೋಗುತ್ತದೆ. ಕುಂಟೆಯ ಹೂಳು ತೆಗೆಸಿ ಉದ್ಯಾನದ ಪಾಲಿಗೆ ಸೇರಿಸಿದೆ, ಬಿ ಕರಾಬಿನ (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಹಳ್ಳವನ್ನು ಮುಟ್ಟಲಿಲ್ಲ. ಇಪ್ಪತ್ತೈದು ಸೈಟು ಕಡಿಮೆಯಾಯಿತು. ‘ಹುಚ್ಚೇ ನಿಮಗೆ’ ಎಂದರು ಮಾರಾಟದವರು. ಆಮೇಲೆ ನೋಡಿದರೆ ರಸ್ತೆ ಉತ್ತರ-ದಕ್ಷಿಣವಾದ್ದರಿಂದ ಸೈಟುಗಳೆಲ್ಲ ಪೂರ್ವ ಇಲ್ಲವೇ ಪಶ್ಚಿಮ ಬಾಗಿಲು, ನೀರು ಈಶಾನ್ಯದಲ್ಲಿ. ಅದೇ ಮಾರಾಟದವರು ವಾಸ್ತು ಪ್ರಕಾರ ಮಾಡಿದ ಲೇಔಟ್ ಎಂದು ಫಲಕ ಬರೆಸಿದರು. ನಾನು ಚರಂಡಿಯ ಪ್ರಕಾರ ಮಾಡಿದ್ದೆ. ಒಂದು ಕಡೆ ಇಳಿಜಾರು ತಿರುಗಿ ಸೈಟು ಮೂಲೆಮೂಲೆಯಾಗಿ ಬರುತ್ತಿತ್ತು. ಅದನ್ನು ಏನು ಮಾಡಿದೆ ಎಂಬುದು ನನ್ನೊಳಗೇ ಇರಲಿ, ಮುಂದಿನ ಲೇಔಟ್‌ಗೂ ಬೇಕು.

ಗಿಡದ ಪ್ರಯೋಗಗಳೂ ನಡೆದವು. ತೋಪಿನ ಮಣ್ಣಿನಲ್ಲಿ ಮೊದಲ ವರ್ಷ ನೆಟ್ಟ ಮಹಾಗನಿ, ಹಲಸು ಬಹುತೇಕ ಒಣಗಿದವು. ಹೊಂಗೆ ಹತ್ತಕ್ಕೆ ಏಳು ಬದುಕಿತು. ಕುಂಟೆಯ ಗೋಡುಮಣ್ಣನ್ನು ಗುಂಡಿಗೆ ಎರಡು ಮಂಕರಿ ಹಾಕಿ ನೆಟ್ಟ ನೇರಳೆ ಈಗ ಎರಡಾಳು ಎತ್ತರ ಇದೆ. ಚರಂಡಿಯ ದಡಕ್ಕೆ ಲಾವಂಚ ಹಾಕಿಸಿದ್ದೆ, ಪಕ್ಕದ ಊರಿನ ಕುರಿಗಳು ಅದನ್ನು ಮುಗಿಸಿದವು. ಸೆಣಬು ಬಿತ್ತಿ ಹೂ ಬರುವ ಮೊದಲು ಉತ್ತು ಮಣ್ಣಿಗೆ ಸೇರಿಸಿದ ಭಾಗದಲ್ಲಿ ಎರೆಹುಳು ಕಂಡಿತು, ಬರೀ ಹುರುಳಿ ಹಾಕಿದ ಕಡೆ ಕಾಣಲಿಲ್ಲ.

ನೀರಿನ ಬಗ್ಗೆ ಹೆಚ್ಚು ಕೊಚ್ಚಿಕೊಳ್ಳುವುದಿಲ್ಲ. ತೋಪಿನ ಕಾಲದಲ್ಲಿ ಬತ್ತಿದ್ದ, 300 ಅಡಿಯೊಳಗಿನ ಹಳೆಯ ಬೋರ್‌ವೆಲ್ ಒಂದರಲ್ಲಿ 2022ರ ಕೊನೆಗೆ ನೀರು ಕಾಣಿಸಿತು. ನೀಲಗಿರಿ ಹೋದದ್ದಕ್ಕೋ, ಕುಂಟೆಗೋ, ಆ ಎರಡು ವರ್ಷದ ಮಳೆಗೋ, ಬೇರ್ಪಡಿಸಿ ಹೇಳಲಾಗದು. 2024ರ ಬೇಸಿಗೆಯಲ್ಲಿ ಬೆಂಗಳೂರೇ ಟ್ಯಾಂಕರ್‌ಗೆ ಪರದಾಡಿದಾಗ ಅದು ದಿನಕ್ಕೆ ಎರಡು ಗಂಟೆಯಾದರೂ ಓಡಿತು. ಸೈಟು ನೋಡಲು ಬಂದವರಿಗೆ ನಾನು ಬೇರೇನೂ ತೋರಿಸಲಿಲ್ಲ, ಮೋಟಾರು ಹಾಕಿ ತೋರಿಸಿದೆ. ಸೈಟಿನ ಬೆಲೆ ಚದರಡಿಗೆ 2,100ಕ್ಕೆ ಶುರುವಾದದ್ದು ಕೊನೆಯ ಕಂತಿಗೆ 2,800ರವರೆಗೆ ಹೋಯಿತು. ಕಡಿಮೆಯಾದ ಇಪ್ಪತ್ತೈದು ಸೈಟಿನ ಹಣ ಅದರಲ್ಲೇ ಬಂತು.

ಈಗ ಹೊಸಕೋಟೆ ಕಡೆ 22 ಎಕರೆಯ ತೋಪು ಹಿಡಿದಿದ್ದೇನೆ, ಮೊದಲ ಮಳೆಗಾಲ ಮುಗಿದಿದೆ. ಕಲ್ಲು ಹೆಚ್ಚು, ಗಂಟೆಗೆ 18 ಬೊಡ್ಡೆಯೂ ಬರಲಿಲ್ಲ. ಅಲ್ಲಿನ ಜಮೀನುದಾರರು ಮಾಲೂರಿನ ಸುದ್ದಿ ಕೇಳಿ ಬಂದವರು. ಮರದ ಹಣ, ಹುರುಳಿಯ ಜೊತೆಗೆ ಬೊಡ್ಡೆಯ ಹಣವೂ ತಮಗೇ ಬೇಕೆಂದು ಪಟ್ಟು ಹಿಡಿದರು. ಕೊಟ್ಟೆ, ಮುಂಗಡದಲ್ಲಿ ಎಕರೆಗೆ ಇನ್ನೊಂದು ಲಕ್ಷ ಇಳಿಸಿ.