ಗಾಂಜಾ ಕಾನೂನಿನ ಬಗ್ಗೆ ಸರ್ವೆ ಮಾಡುತ್ತೀರಾ? ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ

2023ರಲ್ಲಿ ಗ್ಯಾಲಪ್ ಸಂಸ್ಥೆ ಅಮೆರಿಕದವರನ್ನು ಕೇಳಿತು: ಗಾಂಜಾ ಬಳಕೆ ಕಾನೂನುಬದ್ಧ ಆಗಬೇಕೇ, ಬೇಡವೇ? ಶೇ. 70 ಮಂದಿ ಆಗಬೇಕು ಅಂದರು. ಕೆಲವೇ ತಿಂಗಳ ನಂತರ, 2024ರ ಜನವರಿಯಲ್ಲಿ, ಪ್ಯೂ ರಿಸರ್ಚ್ ಸೆಂಟರ್ ಕೂಡ ಅಲ್ಲೇ ಕೇಳಿತು, ಆದರೆ ಮೂರು ಆಯ್ಕೆ ಕೊಟ್ಟು. ಔಷಧಿಗೂ ಮೋಜಿಗೂ ಇರಲಿ ಅಂದವರು ಶೇ. 57, ಔಷಧಿಗೆ ಮಾತ್ರ ಅಂದವರು ಶೇ. 32, ಯಾವುದಕ್ಕೂ ಬೇಡ ಅಂದವರು ಶೇ. 11. ಹಾಗಾದರೆ ಬೆಂಬಲ ಎಷ್ಟು? 57, 70, ಹೆಚ್ಚುಕಡಿಮೆ 90, ಯಾವುದನ್ನಾದರೂ ಹೇಳಬಹುದು, ಯಾವುದೂ ಸುಳ್ಳಲ್ಲ. "ಔಷಧಿಗೆ ಮಾತ್ರ" ಎನ್ನುವ ದೊಡ್ಡ ಗುಂಪಿಗೆ ಎರಡೇ ಆಯ್ಕೆ ಕೊಟ್ಟರೆ ಅವರು ಎರಡೂ ಕಡೆ ಹಂಚಿಹೋಗುತ್ತಾರೆ, ಅಷ್ಟೇ.

ಹಾಗಾಗಿ ಪ್ರಶ್ನೆ ಬರೆಯುವ ಮೊದಲು ನಿಮಗೆ ಏನು ತಿಳಿಯಬೇಕು ಅಂತ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ವೈದ್ಯರು ಬರೆದುಕೊಟ್ಟರೆ ಸಿಗಬೇಕು ಅನ್ನುವುದು ಒಂದು ನಿಲುವು. ಸ್ವಲ್ಪ ಇಟ್ಟುಕೊಂಡವರನ್ನು ಜೈಲಿಗೆ ಹಾಕಬೇಡಿ, ಆದರೆ ಮಾರಾಟ ಬೇಡ ಅನ್ನುವುದು ಇನ್ನೊಂದು. ಪೋರ್ಚುಗಲ್ 2001ರಲ್ಲಿ ಹಿಡಿದ ದಾರಿ ಇದಕ್ಕೆ ಹತ್ತಿರ. ಅಂಗಡಿಯಲ್ಲಿ ಲೈಸೆನ್ಸ್ ಕೊಟ್ಟು ಮಾರಲಿ ಅನ್ನುವುದು ಮೂರನೆಯದು, ಕೆನಡಾ 2018ರ ಅಕ್ಟೋಬರ್‌ನಲ್ಲಿ ಮಾಡಿದ್ದು ಅದು. ಜರ್ಮನಿ 2024ರಲ್ಲಿ ಮನೆಯಲ್ಲಿ ಮೂರು ಗಿಡ ಬೆಳೆಸಲು ಬಿಟ್ಟಿತು, ಸಾಮಾನ್ಯ ಅಂಗಡಿಯಲ್ಲಿ ಮಾರಲು ಬಿಡಲಿಲ್ಲ. ಇವೆಲ್ಲವನ್ನೂ "ಕಾನೂನುಬದ್ಧ" ಅನ್ನುವ ಒಂದೇ ಪದದಲ್ಲಿ ತುರುಕಿ ಕೇಳಿದರೆ ಒಬ್ಬೊಬ್ಬರು ಒಂದೊಂದಕ್ಕೆ ಉತ್ತರ ಕೊಡುತ್ತಾರೆ, ನೀವು ಅದನ್ನೆಲ್ಲಾ ಸುಮ್ನೆ ಕೂಡಿಸಿ ಶೇಕಡಾ ಲೆಕ್ಕ ಹಾಕುತ್ತೀರಿ. ಒಂದು ಮುಖ್ಯ ಪ್ರಶ್ನೆ ಇಡಿ, ಆಮೇಲೆ ಬಿಡಿಬಿಡಿಯಾಗಿ ಕೇಳಿ: ಮಾರಾಟ, ಮನೆಯಲ್ಲಿ ಬೆಳೆಯುವುದು, ಎಷ್ಟು ಗ್ರಾಂ ತನಕ, ಎಷ್ಟು ವಯಸ್ಸಿನಿಂದ, ಸಾರ್ವಜನಿಕ ಜಾಗದಲ್ಲಿ ಸೇದಬಹುದಾ. ವಾಹನ ಓಡಿಸುವ ವಿಷಯ ಬಿಡಬೇಡಿ. ಬೆಂಬಲಿಸುವವರಲ್ಲೂ ಅದರ ಬಗ್ಗೆ ಭಯ ಇರಬಹುದು.

ಇನ್ನು ಪದಗಳು. "ಯುವಕರನ್ನು ಹಾಳು ಮಾಡುತ್ತಿರುವ ಗಾಂಜಾಕ್ಕೆ ಅನುಮತಿ ಕೊಡಬೇಕೇ?" ಅಂತ ಕೇಳಿದರೆ ಅದು ಪ್ರಶ್ನೆಯಲ್ಲ, ಭಾಷಣ. "ರೋಗಿಗಳ ನೋವು ಕಡಿಮೆ ಮಾಡುವ ಗಾಂಜಾವನ್ನು" ಅಂತ ಶುರು ಮಾಡಿದರೂ ಅಷ್ಟೇ, ಬಣ್ಣ ಮಾತ್ರ ಬೇರೆ. "ಮಾರಾಟಕ್ಕೆ ಬಿಟ್ಟು, ಬರುವ ತೆರಿಗೆಯನ್ನು ಶಾಲೆಗಳಿಗೆ ಕೊಡಬೇಕೇ?" ಅನ್ನುವುದರಲ್ಲಿ ಎರಡು ಪ್ರಶ್ನೆ ಇವೆ, ಮಾರಾಟ ಬೇಡ ಅನ್ನುವವನು ಶಾಲೆಗೂ ಬೇಡ ಅಂದಂತಾಗುತ್ತದೆ. "ಒಪ್ಪುತ್ತೀರಾ?" ಅಂತ ಒಂದು ಹೇಳಿಕೆ ಮುಂದಿಡುವುದೂ ಅಪಾಯವೇ, ಯಾಕೆಂದರೆ ತುಂಬಾ ಜನ ಜಾಸ್ತಿ ಯೋಚಿಸದೆ ಹೂಂ ಅಂದುಬಿಡುತ್ತಾರೆ. ಎರಡೂ ಕಡೆಯನ್ನು ಪ್ರಶ್ನೆಯಲ್ಲೇ ಹೇಳಿ: "ಆಗಬೇಕು ಎನ್ನುತ್ತೀರಾ, ಆಗಬಾರದು ಎನ್ನುತ್ತೀರಾ?" ಹಿಂದೆಯೇ ಆ ಅಭಿಪ್ರಾಯ ಎಷ್ಟು ಗಟ್ಟಿ ಅಂತ ಕೇಳಿ. ಶೇ. 60 ಬೆಂಬಲ ಇದ್ದು ಅದರಲ್ಲಿ ಹೆಚ್ಚಿನವರು "ಏನೋ, ಆದರೆ ಆಗಲಿ" ಅನ್ನುವವರಾಗಿದ್ದರೆ ಕಥೆಯೇ ಬೇರೆ, ಅಲ್ವಾ?

"ಗೊತ್ತಿಲ್ಲ" ಅನ್ನುವ ಆಯ್ಕೆ ಕೊಡಿ. ಕೊಟ್ಟರೆ ಎಲ್ಲರೂ ಅದಕ್ಕೇ ಹೋಗುತ್ತಾರೆ ಅಂತ ಕೆಲವರು ಹೆದರುತ್ತಾರೆ. ನನ್ನ ಪ್ರಕಾರ, ಈ ವಿಷಯದಲ್ಲಿ ಯೋಚನೆಯನ್ನೇ ಮಾಡದವರು ಎಷ್ಟು ಅಂತ ತಿಳಿಯುವುದೂ ಒಂದು ಫಲಿತಾಂಶವೇ.

ಯಾವುದು ಮೊದಲು ಅನ್ನುವುದೂ ಉತ್ತರ ಬದಲಿಸುತ್ತದೆ. ಅಪರಾಧದ ಬಗ್ಗೆ ಐದು ಪ್ರಶ್ನೆ ಕೇಳಿ ಆಮೇಲೆ ಗಾಂಜಾ ಅಂದರೆ ಜನ ಪೊಲೀಸರ ಕಣ್ಣಲ್ಲಿ ನೋಡುತ್ತಾರೆ. ಮುಖ್ಯ ಪ್ರಶ್ನೆಯನ್ನು ಮೊದಲೇ ಕೇಳಿ ಮುಗಿಸಿ, ವಾದಗಳು, ವಿವರಗಳು ಆಮೇಲೆ ಬರಲಿ. ಆಯ್ಕೆಗಳ ಕ್ರಮವನ್ನೂ ಜನರಿಂದ ಜನರಿಗೆ ಬದಲಿಸಿ. ಪರದೆಯಲ್ಲಿ ಓದುವವರು ಮೇಲಿನ ಆಯ್ಕೆಗೆ, ಫೋನಲ್ಲಿ ಕೇಳುವವರು ಕೊನೆಗೆ ಕೇಳಿದ್ದಕ್ಕೆ ವಾಲುವುದು ಜಾಸ್ತಿ.

ಎಲ್ಲಕ್ಕಿಂತ ನಾಜೂಕಾದದ್ದು "ನೀವು ಬಳಸಿದ್ದೀರಾ?" ಅನ್ನುವುದು. ನಿಜವಾಗಿ ಬೇಕಿಲ್ಲದಿದ್ದರೆ ಕೇಳಲೇಬೇಡಿ, ಗಾಂಜಾ ಅಪರಾಧವಾಗಿರುವ ಕಡೆ ಆ ಉತ್ತರ ಕೊಟ್ಟವರಿಗೆ ತೊಂದರೆ ತರಬಹುದು. ಬೇಕೇ ಬೇಕಾದರೆ ಕೊನೆಯಲ್ಲಿಡಿ, ಹೆಸರು, ಫೋನ್ ನಂಬರ್, ಐಪಿ ವಿಳಾಸ ಏನೂ ಉಳಿಸಬೇಡಿ. ಮುಖಾಮುಖಿ ಕೇಳುವುದಕ್ಕಿಂತ ಅವರೇ ತುಂಬುವ ಫಾರ್ಮ್ ಮೇಲು. ಇನ್ನೊಂದು ಚೆಂದದ ಉಪಾಯ ಇದೆ, ಸಂಶೋಧಕ ಸ್ಟ್ಯಾನ್ಲಿ ವಾರ್ನರ್ 1965ರಲ್ಲಿ ಮುಂದಿಟ್ಟ ಯೋಚನೆಯಿಂದ ಬೆಳೆದದ್ದು. ಉತ್ತರ ಕೊಡುವವರು ನಿಮಗೆ ಕಾಣದಂತೆ ನಾಣ್ಯ ಚಿಮ್ಮುತ್ತಾರೆ. ಹೆಡ್ ಬಿದ್ದರೆ ಸುಮ್ಮನೆ "ಹೌದು" ಅನ್ನಬೇಕು, ಟೇಲ್ ಬಿದ್ದರೆ ನಿಜ ಹೇಳಬೇಕು. ಯಾರ "ಹೌದು" ನಾಣ್ಯದ್ದು, ಯಾರದ್ದು ನಿಜದ್ದು ಅಂತ ನಿಮಗೂ ಗೊತ್ತಾಗುವುದಿಲ್ಲ. ಆದರೆ ಒಟ್ಟು ಲೆಕ್ಕ ಸಿಗುತ್ತದೆ: 1000 ಜನರಲ್ಲಿ 600 "ಹೌದು" ಬಂದರೆ ಸುಮಾರು 500 ನಾಣ್ಯದ್ದು, ಉಳಿದ 500 ಜನರಲ್ಲಿ 100 ನಿಜದ್ದು, ಅಂದರೆ ಸುಮಾರು ಶೇ. 20. ಲೆಕ್ಕ ಸ್ವಲ್ಪ ಸಡಿಲ, ಹಾಗಾಗಿ ಜಾಸ್ತಿ ಜನ ಬೇಕು.

ಯಾರನ್ನು ಕೇಳುವುದು? ಲಿಂಕ್ ಹಾಕಿ ಬಂದವರನ್ನೆಲ್ಲಾ ಎಣಿಸಬೇಡಿ. ಈ ವಿಷಯದಲ್ಲಂತೂ ಎರಡೂ ಕಡೆಯ ಉತ್ಸಾಹಿಗಳು ಲಿಂಕನ್ನು ತಮ್ಮವರಿಗೆಲ್ಲಾ ಕಳಿಸುತ್ತಾರೆ, ನಿಮಗೆ ಸಿಗುವುದು ಅವರ ಜಗಳದ ಸ್ಕೋರು. ಸಂಖ್ಯೆ ದೊಡ್ಡದಾದರೆ ಸರಿಹೋಗುತ್ತೆ ಅನ್ನುವ ನಂಬಿಕೆ 1936ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲೇ ಮುರಿದುಬಿತ್ತು. ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದಿತ್ತು, ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು, ಗೆದ್ದದ್ದು ರೂಸ್‌ವೆಲ್ಟ್. ಪಟ್ಟಿಯಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿದ 1000 ಜನ ಸಿಕ್ಕರೆ ಏರುಪೇರು, ಅಂದರೆ ನಿಮ್ಮ ಶೇಕಡಾ ನಿಜಕ್ಕಿಂತ ಆಚೀಚೆ ಆಗಬಹುದಾದದ್ದು, ಸುಮಾರು 3 ಶೇಕಡಾ ಅಂಶ, 400 ಆದರೆ ಸುಮಾರು 5. ಆದರೆ ಆ 1000ದಲ್ಲಿ 25 ವರ್ಷದೊಳಗಿನವರು 100 ಜನ ಇದ್ದರೆ ಅವರ ಉತ್ತರದಲ್ಲಿ 10 ಅಂಶದ ಏರುಪೇರು. "ಯುವಕರಲ್ಲಿ ಬೆಂಬಲ ಜಿಗಿದಿದೆ" ಅಂತ ತಲೆಬರಹ ಕೊಡುವ ಮೊದಲು ಇದನ್ನು ನೋಡಿಕೊಳ್ಳಿ.

ಹೊರಗೆ ಬಿಡುವ ಮೊದಲು ಏಳೆಂಟು ಜನರನ್ನು ಕೂರಿಸಿಕೊಂಡು, ಪ್ರಶ್ನೆ ಓದಿ ಏನು ಅರ್ಥವಾಯಿತು ಅಂತ ಬಾಯಿಬಿಟ್ಟು ಹೇಳಲು ಹೇಳಿ. ನಿಮ್ಮ ಗೆಳೆಯರು ಬೇಡ, ಅವರಿಗೆ ನೀವು ಏನು ಕೇಳುತ್ತಿದ್ದೀರಿ ಅಂತ ಮೊದಲೇ ಗೊತ್ತಿರುತ್ತದೆ.

ಫಲಿತಾಂಶದ ಜೊತೆ ಪ್ರಶ್ನೆಯನ್ನು ಅಕ್ಷರಶಃ ಹಾಕಿ. ಯಾವ ದಿನಗಳಲ್ಲಿ, ಹೇಗೆ, ಎಷ್ಟು ಜನರನ್ನು ಕೇಳಿದಿರಿ ಅನ್ನುವುದೂ ಇರಲಿ. ಮುಂದಿನ ವರ್ಷ ಮತ್ತೆ ಕೇಳುವ ಯೋಚನೆ ಇದ್ದರೆ ಪದ ಬದಲಿಸಬೇಡಿ. ಗ್ಯಾಲಪ್ 1969ರಲ್ಲಿ ಕೇಳಿದಾಗ ಬೆಂಬಲ ಶೇ. 12 ಇತ್ತು. ಅಲ್ಲಿಂದ 70ರವರೆಗಿನ ಏರಿಕೆಯನ್ನು ನಾವು ನಂಬುವುದು ಪ್ರಶ್ನೆ ಹೆಚ್ಚುಕಡಿಮೆ ಅದೇ ಉಳಿದಿದ್ದರಿಂದ. ಹಳೆಯ ಪ್ರಶ್ನೆ ಸರಿಯಿಲ್ಲ ಅನ್ನಿಸಿದರೆ ಒಂದು ಸುತ್ತು ಅರ್ಧ ಜನರಿಗೆ ಹಳೆಯದನ್ನು, ಇನ್ನರ್ಧಕ್ಕೆ ಹೊಸದನ್ನು ಕೇಳಿ. ಎರಡರ ನಡುವಿನ ಅಂತರದಲ್ಲಿ ಎಷ್ಟು ಪದದಿಂದ ಬಂತು ಅಂತ ಆಗ ಅಂದಾಜು ಸಿಗುತ್ತದೆ, ಅದಾದ ಮೇಲೆ ಹಳೆಯದನ್ನು ಬಿಡಬಹುದು.