ಚಿತ್ರ ನಿಂತಿರಲಿ, ರೆಕ್ಕೆ ಮಾತ್ರ ತಿರುಗಲಿ

ಚಿತ್ರದುರ್ಗದ ಕೋಟೆ ಹತ್ತಿ ಸುತ್ತ ನೋಡಿದರೆ ದೂರದ ಗುಡ್ಡಗಳ ನೆತ್ತಿಯಲ್ಲಿ ಸಾಲಾಗಿ ವಿಂಡ್‌ಮಿಲ್‌ಗಳು ಕಾಣುತ್ತವೆ. ಫೋಟೊ ತೆಗೆದರೆ ಅವು ಸುಮ್ನೆ ನೆಟ್ಟ ಕಂಬಗಳು. ವಿಡಿಯೊ ತೆಗೆದರೆ ನಡುವೆ ಓಡಾಡುವ ಜನ, ಕಾಳಿಗೆ ಬರುವ ಕೋತಿ, ನಡುಗುವ ಕೈ. ಇವೆರಡರ ನಡುವೆ ಒಂದು ದಾರಿ ಇದೆ. ಬಂಡೆ, ಕೋಟೆ ಗೋಡೆ, ಜನ ಎಲ್ಲ ಫೋಟೊದಂತೆ ನಿಂತಿರುತ್ತವೆ, ಒಂದೇ ಒಂದು ವಿಂಡ್‌ಮಿಲ್ ತಿರುಗುತ್ತಲೇ ಇರುತ್ತದೆ. ಇದಕ್ಕೆ ಸಿನೆಮಾಗ್ರಾಫ್ ಅಂತ ಹೆಸರು. ಫೋನಿನ ವಿಡಿಯೊ, ಫೋಟೊಶಾಪ್, ಅದರೊಳಗಿನ ಲೇಯರ್ ಮಾಸ್ಕ್ ಇಷ್ಟಿದ್ದರೆ ಸಾಕು. ಲೇಯರ್ ಅಂದರೆ ಒಂದರ ಮೇಲೊಂದು ಇಟ್ಟ ಚಿತ್ರದ ಹಾಳೆ, ಮಾಸ್ಕ್ ಅದಕ್ಕೆ ಹಾಕುವ ಮುಸುಕು.

ಮಾಸ್ಕ್ ಚಿತ್ರವನ್ನು ಅಳಿಸುವುದಿಲ್ಲ, ಮುಚ್ಚುತ್ತದೆ. ಮಾಸ್ಕ್ ಬಿಳಿ ಇದ್ದಲ್ಲಿ ಆ ಲೇಯರ್ ಕಾಣುತ್ತದೆ. ಕಪ್ಪು ಬಳಿದಲ್ಲಿ ಅದು ಮರೆಯಾಗಿ ಕೆಳಗಿನ ಲೇಯರ್ ಕಾಣುತ್ತದೆ. ಬೂದು ಬಣ್ಣವಾದರೆ ಅರ್ಧಂಬರ್ಧ. ತಪ್ಪಿದರೆ ಮತ್ತೆ ಬಿಳಿ ಬಳಿದರಾಯಿತು. ವಿಡಿಯೊ ಅಂದರೆ ಬೇಗ ಬೇಗ ಬದಲಾಗುವ ಚಿತ್ರಗಳ ಸಾಲು, ಅದರ ಒಂದೊಂದು ಚಿತ್ರವೂ ಒಂದು ಫ್ರೇಮ್. ನಮ್ಮ ಉಪಾಯ ಇಷ್ಟೇ: ವಿಡಿಯೊ ಫ್ರೇಮ್‌ಗಳ ಮೇಲೆ ಒಂದು ನಿಂತ ಚಿತ್ರವನ್ನು ಬಾಗಿಲಿನಂತೆ ಮುಚ್ಚುವುದು, ರೆಕ್ಕೆ ತಿರುಗುವ ಕಡೆ ಮಾತ್ರ ಅದರಲ್ಲಿ ಕಿಂಡಿ ಕೊರೆಯುವುದು.

ಮೊದಲು ಹತ್ತು ಸೆಕೆಂಡಿನ ವಿಡಿಯೊ ಬೇಕು. ಕೋಟೆ ಮೇಲೆ ಗಾಳಿ ಜಾಸ್ತಿ. ಮೊದಲ ಸಲ ಫೋನನ್ನು ಕೈಯಲ್ಲೇ ಹಿಡಿದು ತೆಗೆದೆ. ಮನೆಗೆ ಬಂದು ನೋಡಿದರೆ ಕಿಂಡಿಯೊಳಗೆ ವಿಂಡ್‌ಮಿಲ್ ಕುಣಿಯುತ್ತಿತ್ತು. ಎರಡನೇ ಸಲ ಫೋನನ್ನು ಗೋಡೆಯ ಕಲ್ಲಿಗೆ ಒರಗಿಸಿ, ಬ್ಯಾಗು ಒತ್ತಿಟ್ಟು ತೆಗೆದೆ. ಸರಿಹೋಯಿತು.

ಈಗ ಒಂದು ಸಣ್ಣ ಲೆಕ್ಕ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ವಿಂಡ್‌ಮಿಲ್‌ಗೆ ಮೂರು ರೆಕ್ಕೆ. ಮೂರೂ ನೋಡಲು ಒಂದೇ ಥರ. ಹಾಗಾಗಿ ಪೂರ್ತಿ ಸುತ್ತು ಬೇಕಿಲ್ಲ. ಒಂದು ರೆಕ್ಕೆ ನೆಟ್ಟಗೆ ಮೇಲಿರುವ ಗಳಿಗೆಯಿಂದ ಮುಂದಿನ ರೆಕ್ಕೆ ಅಲ್ಲಿಗೆ ಬರುವವರೆಗೆ, ಅಂದರೆ 120 ಡಿಗ್ರಿ, ಸಾಕು. ಅದನ್ನೇ ಮತ್ತೆ ಮತ್ತೆ ಓಡಿಸಿದರೆ ಎಲ್ಲಿ ಶುರು, ಎಲ್ಲಿ ಮುಗಿತು ಅಂತ ಯಾರಿಗೂ ಗೊತ್ತಾಗದು. ನಿಮಿಷಕ್ಕೆ 15 ಸುತ್ತು ತಿರುಗುವ ಯಂತ್ರವಾದರೆ ಒಂದು ಸುತ್ತಿಗೆ 4 ಸೆಕೆಂಡು, ಮೂರನೇ ಒಂದು ಭಾಗಕ್ಕೆ ಸುಮಾರು 1.3 ಸೆಕೆಂಡು. ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಅದು 40 ಫ್ರೇಮ್. ಒಂದು ಬಿಟ್ಟು ಒಂದು ಇಟ್ಟುಕೊಂಡರೆ 20. ಕೊನೆಯ ಫ್ರೇಮ್ ಮೊದಲಿನದರ ತದ್ರೂಪು ಆಗಿದ್ದರೆ ಅದನ್ನು ತೆಗೆಯಿರಿ, ಇಲ್ಲದಿದ್ದರೆ ರೆಕ್ಕೆ ಅಲ್ಲೊಮ್ಮೆ ತಡವರಿಸುತ್ತದೆ.

ಫೋಟೊಶಾಪ್‌ನಲ್ಲಿ 'ಫೈಲ್', 'ಇಂಪೋರ್ಟ್', 'ವಿಡಿಯೊ ಫ್ರೇಮ್ಸ್ ಟು ಲೇಯರ್ಸ್' ಒತ್ತಿ. ಬೇಕಾದ ತುಂಡನ್ನಷ್ಟೇ ಆರಿಸಿ, ಪ್ರತಿ 2 ಫ್ರೇಮಿಗೆ ಒಂದು ಅಂತ ಹೇಳಿ, ಫ್ರೇಮ್ ಆ್ಯನಿಮೇಷನ್ ಮಾಡುವ ಗುರುತು ಹಾಕಿ. ಫ್ರೇಮ್‌ಗಳೆಲ್ಲ ಲೇಯರ್‌ಗಳಾಗಿ ಬಂದು ಕೂರುತ್ತವೆ. ಜನ ಅಡ್ಡ ಬಾರದ, ಚೆನ್ನಾಗಿರುವ ಒಂದನ್ನು ಕಂಟ್ರೋಲ್ ಮತ್ತು ಜೆ ಒತ್ತಿ ನಕಲು ಮಾಡಿ, ಎಲ್ಲಕ್ಕಿಂತ ಮೇಲಕ್ಕೆ ಎಳೆಯಿರಿ. ಟೈಮ್‌ಲೈನ್‌ನಲ್ಲಿ ಎಲ್ಲ ಫ್ರೇಮ್‌ಗಳನ್ನೂ ಆರಿಸಿಕೊಂಡು ಈ ಲೇಯರಿನ ಕಣ್ಣಿನ ಗುರುತನ್ನು ಹಚ್ಚಿ. ಇದು ಮರೆತರೆ ಬಾಗಿಲು ಒಂದೇ ಫ್ರೇಮಿನಲ್ಲಿ ಮಿಂಚಿ ಮಾಯವಾಗುತ್ತದೆ.

ಇನ್ನು ಲೇಯರ್ ಪ್ಯಾನೆಲಿನ ಕೆಳಗಿರುವ ಮಾಸ್ಕ್ ಬಟನ್ ಒತ್ತಿ. ಪಕ್ಕದಲ್ಲಿ ಬಿಳಿ ಚೌಕ ಬರುತ್ತದೆ. ಆ ಚೌಕದ ಮೇಲೆ ಕ್ಲಿಕ್ ಮಾಡಿ, ಮೆತ್ತನೆ ಅಂಚಿನ ಬ್ರಷ್‌ನಿಂದ ರೆಕ್ಕೆ ಸುತ್ತುವ ವೃತ್ತದ ಮೇಲೆ ಕಪ್ಪು ಬಳಿಯಿರಿ. ಚೌಕ ಬಿಟ್ಟು ಚಿತ್ರದ ಮೇಲೆ ಕ್ಲಿಕ್ ಮಾಡಿದ್ದರೆ ಆಕಾಶಕ್ಕೇ ಮಸಿ. ನನಗೆ ಇವತ್ತಿಗೂ ವಾರಕ್ಕೊಮ್ಮೆ ಹೀಗಾಗುತ್ತದೆ. ಮಾಸ್ಕ್ ಒಂದೇ, ಆದರೆ ಇಪ್ಪತ್ತು ಫ್ರೇಮಿಗೂ ಅದೇ ಕೆಲಸ ಮಾಡುತ್ತದೆ. ಫೋಟೊಶಾಪ್ ಬದಲು ಉಚಿತವಾಗಿ ಸಿಗುವ ಗಿಂಪ್‌ನಲ್ಲಾದರೆ ಪ್ರತಿ ಲೇಯರೂ ಒಂದು ಫ್ರೇಮ್. ಹಾಗಾಗಿ ಕಿಂಡಿ ಕೊರೆದ ಚಿತ್ರವನ್ನು ಒಂದೊಂದರ ಮೇಲೂ ಇಟ್ಟು ಬೆಸೆಯಬೇಕು. ತಾಳ್ಮೆ ಬೇಕು.

ಎರಡು ಮೂರು ವಿಂಡ್‌ಮಿಲ್‌ಗೆ ಕಿಂಡಿ ಕೊರೆಯುವ ಆಸೆ ಆಗುತ್ತದೆ. ಬೇಡ. ಪ್ರತಿಯೊಂದರ ವೇಗವೂ ಬೇರೆ ಇರಬಹುದು. ಒಂದಕ್ಕೆ ಕೂಡಿದ ಲೆಕ್ಕ ಇನ್ನೊಂದಕ್ಕೆ ಕೂಡುವುದಿಲ್ಲ, ಅದರ ರೆಕ್ಕೆ ಜಿಗಿಯುತ್ತದೆ. ಉಳಿದವು ನಿಂತಿದ್ದರೆ ಏನೂ ಅನುಮಾನ ಬಾರದು. ನಿಜದಲ್ಲೂ ಕೆಲವು ನಿಂತೇ ಇರುತ್ತವಲ್ವಾ?

ಕೊನೆಗೆ ಪ್ರತಿ ಫ್ರೇಮಿಗೆ 0.07 ಸೆಕೆಂಡು, ನಿಲ್ಲದೆ ಓಡಲು 'ಫಾರೆವರ್' ಅಂತ ಇಟ್ಟು 'ಸೇವ್ ಫಾರ್ ವೆಬ್'ನಲ್ಲಿ ಜಿಫ್ (ಚಲಿಸುವ ಚಿತ್ರದ ಫೈಲ್) ಆಗಿ ಉಳಿಸಿ. ಜಿಫ್ 1987ರದ್ದು, ಒಂದು ಫ್ರೇಮಿಗೆ 256 ಬಣ್ಣ ಮಾತ್ರ. ಸಂಜೆಯ ಕೆಂಪು ಆಕಾಶ ಪಟ್ಟೆ ಪಟ್ಟೆಯಾಗಿ ಕಂಡರೆ ಗಾಬರಿ ಬೇಡ, ಬಣ್ಣದ ಚುಕ್ಕಿ ಬೆರೆಸಿ ಪಟ್ಟೆ ಮರೆಸುವ 'ಡಿದರ್' ಸ್ವಲ್ಪ ಏರಿಸಿ.

ಇದೇ ಹುರುಪಿನಲ್ಲಿ ದಾವಣಗೆರೆಗೆ ಹೋದಾಗ ಬೆಣ್ಣೆ ದೋಸೆಯ ಹಬೆಯನ್ನೂ ಹಿಡಿದೆ. ಹಬೆಗೆ ಮೂರು ರೆಕ್ಕೆ ಇಲ್ಲ, ಲೆಕ್ಕ ಕೂಡಲಿಲ್ಲ. ಮುಂದೆ ಓಡಿಸಿ, ಹಿಂದೆ ಓಡಿಸಿ ನೋಡಿದೆ. ಹಬೆ ವಾಪಸ್ ದೋಸೆಯೊಳಗೆ ಹೋಯಿತು. ಆಮೇಲೆ ಕೊನೆಯ ನಾಲ್ಕು ಫ್ರೇಮ್‌ಗಳ ಮೇಲೆ ಮೊದಲ ಫ್ರೇಮಿನ ನಕಲನ್ನು ಶೇ 20, 40, 60, 80 ಅಂತ ಒಪಾಸಿಟಿ (ಎಷ್ಟು ದಟ್ಟವಾಗಿ ಕಾಣಬೇಕು ಅನ್ನುವ ಅಳತೆ) ಏರಿಸುತ್ತಾ ಇಟ್ಟೆ. ಈಗ ನನ್ನ ಫೋನಿನಲ್ಲಿ ಆ ದೋಸೆ ಆರುವುದೇ ಇಲ್ಲ.