ಬೇಲಿಯ ಈಚೆಗೆ ಕೂತವಳ ಲೆಕ್ಕ

ಆ ಮಂಗಳವಾರ ನಾನು ಆಫೀಸಿನಿಂದ ಮೂರೂವರೆಗೇ ಎದ್ದು ಬಂದಿದ್ದೆ. ಮಗ ಆಗ ಹತ್ತನೇ ಕ್ಲಾಸು. ಇಲ್ಲಿ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಪಂದ್ಯಗಳು ಸಾಮಾನ್ಯವಾಗಿ ಸಂಜೆ ನಾಲ್ಕರ ಹೊತ್ತಿಗೆ ಶುರುವಾಗುತ್ತವೆ. 7 ಇನಿಂಗ್ಸ್, ಹತ್ತಿರ ಹತ್ತಿರ ಎರಡೂವರೆ ಗಂಟೆ. ಅಷ್ಟು ಹೊತ್ತೂ ನನ್ನ ಮಗ ಡಗ್‌ಔಟಿನ ಕಂಬಿಗೆ ಒರಗಿಕೊಂಡು, ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗಿಯುತ್ತಾ ನಿಂತಿದ್ದ. ಒಂದು ಸಲವೂ ಮೈದಾನಕ್ಕೆ ಇಳಿಯಲಿಲ್ಲ.

ನಮ್ಮೆಜಮಾನ್ರು ಮೈಸೂರಿನಲ್ಲಿ ಕಾಲೇಜು ತಂಡಕ್ಕೆ ಮೀಡಿಯಂ ಪೇಸ್ ಹಾಕುತ್ತಿದ್ದವರು. ಮನೆಗೆ ಬರುವ ದಾರಿಯಲ್ಲಿ ಸ್ಟೇರಿಂಗ್ ಬಡಿಯುತ್ತಾ ಹೇಳಿದರು: "2003ರಲ್ಲಿ ಬ್ರಿಸ್ಬೇನ್ ಟೆಸ್ಟಲ್ಲಿ ಕುಂಬ್ಳೆನ ಹೊರಗೆ ಕೂರಿಸಿದ್ರು. ಆಮೇಲಿನ ಮೂರು ಟೆಸ್ಟಲ್ಲಿ 24 ವಿಕೆಟ್ ತಗೊಂಡ್ರು. ಕೂರಿಸೋರಿಗೆ ಏನೇ ಗೊತ್ತಿರತ್ತೆ?" ನಮ್ಮ ಮಗ ಕುಂಬ್ಳೆ ಅಲ್ಲ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ನಿಜ ಹೇಳಬೇಕು ಅಂದರೆ ನನಗೂ ಹೊಟ್ಟೆ ಉರಿದಿತ್ತು.

ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಸಂಕಟ ಇನ್ನೂ ಜಾಸ್ತಿ. ಅಲ್ಲಿ ಹನ್ನೊಂದರಲ್ಲಿ ಹೆಸರು ಬಂದರೆ ಬೌಂಡರಿ ಹತ್ತಿರವಾದರೂ ಓಡುತ್ತಿರುತ್ತಾರೆ. ಇಲ್ಲಿ ನಮ್ಮ ತಂಡದಲ್ಲಿದ್ದವರು 17 ಹುಡುಗರು, ಒಂದು ಹೊತ್ತಿಗೆ ಮೈದಾನದಲ್ಲಿರುವುದು ಒಂಬತ್ತೇ. ಅದರ ಮೇಲೆ ಹೈಸ್ಕೂಲ್ ನಿಯಮದಲ್ಲಿ, ಶುರುವಿನಿಂದ ಆಡಿದವನನ್ನು ಹೊರಗೆ ಕರೆದರೂ ಒಂದು ಸಲ ವಾಪಸ್ ಕಳಿಸಬಹುದು. ಇದನ್ನು ತಿಳಿದುಕೊಂಡ ದಿನದಿಂದ ನಮ್ಮೆಜಮಾನ್ರದ್ದು ಒಂದೇ ಹಾಡು: "ವಾಪಸ್ ಕಳಿಸ್ಬೋದಲ್ವಾ? ಮತ್ತೆ ಎರಡು ಇನಿಂಗ್ಸ್ ನಮ್ಮೋನಿಗೆ ಕೊಡೋಕೆ ಏನು ಕಷ್ಟ?"

ದುಡ್ಡಿನ ಮಾತೂ ಒಳಗೊಳಗೇ ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಶಾಲೆಗಳು ಆಟಕ್ಕೆ ಅಂತ ಶುಲ್ಕ ಕೇಳುವ ಹಾಗಿಲ್ಲ, 1984ರಲ್ಲೇ ರಾಜ್ಯದ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಆದ್ದರಿಂದ ಅದಕ್ಕೆ 'ಡೊನೇಷನ್' ಅಂತ ಹೆಸರು. ಅಪ್ಪ ಅಮ್ಮಂದಿರ ಬೂಸ್ಟರ್ ಕ್ಲಬ್ ಅದನ್ನು ಒಟ್ಟು ಮಾಡಿ ಬಲೆ, ಚೆಂಡು ಎಸೆಯುವ ಯಂತ್ರ ಎಲ್ಲ ಕೊಡಿಸುತ್ತದೆ. ನಾವೂ ಕೊಟ್ಟಿದ್ದೆವು. ಇಷ್ಟವಿದ್ದರೆ ಕೊಡಿ ಅಂತ ಪಡೆದ ದುಡ್ಡು, ಕೊಟ್ಟವರ ತಲೆಯಲ್ಲಿ ಮಾತ್ರ ಮುಂಗಡ ಕಟ್ಟಿದ ಟಿಕೆಟ್ಟಿನ ಹಾಗೆ ಕೂತುಬಿಡುತ್ತದೆ. ಬೇಲಿಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ಕೂತ ನಮ್ಮ ಸಾಲಿನಲ್ಲಿ ಪ್ರತಿ ಪಂದ್ಯಕ್ಕೂ ಪಿಸುಮಾತು: ಆ ಹುಡುಗ ಆಡ್ತಿರೋದು ಅವನಪ್ಪ ಕ್ಲಬ್ಬಿನಲ್ಲಿರೋದಕ್ಕೆ.

ಆ ರಾತ್ರಿ ಹನ್ನೊಂದಕ್ಕೆ ನಾವಿಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತು ಕೋಚಿಗೆ ಮೇಲ್ ಬರೆದೆವು. ಅವರು ಹೇಳುತ್ತಾ ಹೋದರು, ನಾನು ಖಾರ ಕಮ್ಮಿ ಮಾಡುತ್ತಾ ಟೈಪ್ ಮಾಡಿದೆ. ಕಮ್ಮಿ ಮಾಡಿದ ಮೇಲೂ ಸಾಕಷ್ಟು ಉಳಿದಿತ್ತು. ಮಾರನೇ ಬೆಳಗ್ಗೆ ಎರಡೇ ಸಾಲಿನ ಉತ್ತರ ಬಂತು: ಫೆಬ್ರವರಿಯಲ್ಲಿ ಸಹಿ ಹಾಕಿದ ಕಾಗದ ದಯವಿಟ್ಟು ನೋಡಿ. ನಿಮ್ಮ ಮಗ ನನ್ನ ಹತ್ತಿರ ಯಾವಾಗ ಬೇಕಾದರೂ ಬಂದು ಮಾತಾಡಬಹುದು.

ಹುಡುಕಿ ತೆಗೆದೆವು. ಸೀಸನ್ ಶುರುವಿಗೆ ಮುಂಚೆ ಶಾಲೆಯ ಊಟದ ಹಾಲಿನಲ್ಲಿ ನಡೆದ ಸಭೆಯಲ್ಲಿ ಕೊಟ್ಟಿದ್ದ ಒಂದು ಹಾಳೆ. ಯಾರನ್ನು ಎಷ್ಟು ಹೊತ್ತು ಆಡಿಸಬೇಕು, ಆಟದ ತಂತ್ರ, ಬೇರೆಯವರ ಮಕ್ಕಳು, ಈ ಮೂರರ ಬಗ್ಗೆ ಪೋಷಕರ ಜೊತೆ ಮಾತಿಲ್ಲ. ಮಗುವಿನ ಆರೋಗ್ಯ, ನಡತೆ, ಆಟ ಸುಧಾರಿಸಲು ಏನು ಮಾಡಬೇಕು, ಇವುಗಳ ಬಗ್ಗೆ ಮಾತಾಡಬಹುದು. ಅದೂ ಪಂದ್ಯ ಮುಗಿದು 24 ಗಂಟೆ ಆದ ಮೇಲೆ. ಮೊದಲು ಹುಡುಗ ತಾನೇ ಹೋಗಿ ಕೇಳಬೇಕು. ಸಮಾಧಾನ ಆಗದಿದ್ದರೆ ಕೋಚಿನ ಜೊತೆ ನಾವು, ಅದಕ್ಕೂ ಆಗದಿದ್ದರೆ ಕ್ರೀಡಾ ವಿಭಾಗದ ಮುಖ್ಯಸ್ಥರು. ಕೆಳಗೆ ನಮ್ಮಿಬ್ಬರ ಸಹಿ. ಮನೆ ಸಾಲದ ಕಾಗದಕ್ಕೆ ಹಾಕಿದ ಹಾಗೆ ಓದದೇ ಹಾಕಿದ್ದೆವು.

ಮೇಲ್ ಕಳಿಸಿದ ವಿಷಯ ಮಗನಿಗೆ ಗೊತ್ತಾಗಿ ಮೂರು ದಿನ ಮಾತು ಬಿಟ್ಟ. ಆ ವಾರ ಫೋನಿನಲ್ಲಿ ನಮ್ಮಮ್ಮ "ಮಗೂನ ಆಡಿಸ್ಲಿಲ್ವಂತೆ? ಆ ಮೇಷ್ಟ್ರಿಗೆ ಏನಾದ್ರೂ ತಗೊಂಡು ಹೋಗಿ ಕೊಡಬಾರ್ದೇನೇ" ಅಂದರು. ಮಗ ಮಾತಾಡದೇ ನಕ್ಕಿದ್ದು ಅದೊಂದೇ ಸಲ.

ಸ್ಕೋರ್ ಪುಸ್ತಕ ನನ್ನ ಕೈಗೆ ಬಂದದ್ದು ಯಾವ ಯೋಚನೆಯಿಂದಲೂ ಅಲ್ಲ. ಮೊದಲು ಬರೆಯುತ್ತಿದ್ದ ಒಬ್ಬ ತಾಯಿಗೆ ಕೆಲಸದ ಹೊತ್ತು ಬದಲಾಯಿತು. ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಬರ್ತೀರಾ ಅಂತ ಕೇಳಿದರು. ನನ್ನದು ಅಕೌಂಟ್ಸ್ ಕೆಲಸ. ಸುಮ್ನೆ ಕೂತು ಉರಿದುಕೊಳ್ಳುವ ಬದಲು ಬರೆಯೋಣ ಅನ್ನಿಸಿತು.

ಪುಟದ ತುಂಬ ಚುಕ್ಕಿ ರಂಗೋಲಿಯ ಹಾಗೆ ಪುಟ್ಟ ಪುಟ್ಟ ಚೌಕಗಳು, ಅವುಗಳೊಳಗೆ ಮೂಲೆ ಮೇಲೆ ನಿಲ್ಲಿಸಿದ ಇನ್ನೊಂದು ಚೌಕ. ಒಬ್ಬ ಬ್ಯಾಟರ್ ಒಂದು ಸಲ ಬಂದರೆ ಒಂದು ಮನೆ. ಆಡುವ ಜಾಗಕ್ಕೆಲ್ಲ ನಂಬರ್: ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್ 2, ಹಾಗೇ ರೈಟ್ ಫೀಲ್ಡ್ 9ರ ತನಕ. ಬೇಸ್ ಅಂದರೆ ಓಡುವವನು ಮುಟ್ಟಿ ಹೋಗಬೇಕಾದ ನಿಲ್ದಾಣ. ಎರಡನೇ ಬೇಸಿನವನು 4 ಆದಮೇಲೆ ಪಕ್ಕದಲ್ಲಿ, ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 5 ಆಗಬೇಕಿತ್ತು ಅನ್ನಿಸುತ್ತದೆ, ಆದರೆ ಅವನು 6. ಇದಕ್ಕೆ ಒಗ್ಗಿಕೊಳ್ಳಲು ನನಗೆ ನಾಲ್ಕು ಪಂದ್ಯ ಹಿಡಿಯಿತು. ಬೀಸಿಯೂ ತಾಗದ, ಇಲ್ಲವೇ ಹೊಡೆಯಬಹುದಾಗಿದ್ದೂ ಬಿಟ್ಟ ಎಸೆತ ಸ್ಟ್ರೈಕ್. ಮೂರು ಸ್ಟ್ರೈಕಿಗೆ ಔಟಾದರೆ 'ಕೆ' ಅನ್ನುವ ಇಂಗ್ಲಿಷ್ ಅಕ್ಷರ. ಬ್ಯಾಟೇ ಬೀಸದೆ, ಚೆಂಡು ಹೋಗುವುದನ್ನು ನೋಡುತ್ತಾ ನಿಂತು ಔಟಾದರೆ ಅದೇ ಅಕ್ಷರ ತಿರುಗಿಸಿ ಬರೆಯಬೇಕು.

ಆ ಸೀಸನ್ ಮುಗಿಯುವ ಹೊತ್ತಿಗೆ ಮಗನ ಸಾಲಿನಲ್ಲಿ 21 ಮನೆ ತುಂಬಿತ್ತು. ನಾಲ್ಕು ಹಿಟ್. ಒಂಬತ್ತು 'ಕೆ', ಅದರಲ್ಲಿ ಆರು ತಿರುಗಿದವು. ಬೇಲಿಯ ಪಕ್ಕ ಕೂತಾಗ ಆ ಆರೂ ನಮಗೆ ಅಂಪೈರಿನ ತಪ್ಪಾಗಿ ಕಂಡಿದ್ದವು. ಒಬ್ಬೊಬ್ಬ ಅಂಪೈರ್ ಒಂದೊಂದು ದಿನ ತಪ್ಪು ಮಾಡಬಹುದು, ಆರೂ ಜನ ಸೇರಿ ನನ್ನ ಮಗನ ಮೇಲೆ ಹಗೆ ಸಾಧಿಸುವುದಿಲ್ಲ. ಅವನ ಜಾಗದಲ್ಲಿ ಆಡಿದ ಹುಡುಗನೂ ಬ್ಯಾಟಿಂಗಿನಲ್ಲಿ ದೊಡ್ಡ ಶೂರನಲ್ಲ. ಆದರೆ ಎರಡನೇ ಬೇಸಿನಲ್ಲಿ ಅವನ ಹೆಸರಿಗೆ ಒಂದೂ ತಪ್ಪಿರಲಿಲ್ಲ. ಬಂಟ್ ಮಾಡು ಅಂದಾಗೆಲ್ಲ ಮಾಡಿದ್ದ.

ಬಂಟ್ ಅಂದರೆ ಬೀಸದೇ ಚೆಂಡನ್ನು ಬ್ಯಾಟಿಗೆ ತಾಗಿಸಿ ಮುಂದೆ ಬೀಳಿಸುವುದು. ತಾನು ಔಟಾದರೂ ಬೇಸಿನಲ್ಲಿರುವವನು ಒಂದು ಬೇಸ್ ಮುಂದೆ ಹೋಗಲಿ ಅಂತ. "ಬೇಕೂಂತ ಔಟಾಗೋದಾ? ಇದೇನು ಆಟಾನೇ?" ಅಂತ ನಮ್ಮೆಜಮಾನ್ರು ತಲೆ ಚಚ್ಚಿಕೊಳ್ಳುತ್ತಿದ್ದರು. ಇದರಲ್ಲಿ ಮಾತ್ರ ನಾನೂ ಅವರ ಪಕ್ಷ. ಪುಸ್ತಕ ತಿರುವಿ ನೋಡಿದೆ, ಆ ವರ್ಷ 11 ಬಂಟ್ ಮಾಡಿಸಿದ್ದರು, ಆ ಓಟಗಾರರಲ್ಲಿ ಕೊನೆಗೆ ರನ್ ಗಳಿಸಿದವರು ಮೂವರು. ಕೋಚ್ ಆ ವಿಷಯದಲ್ಲಿ ಅತಿ ಮಾಡುತ್ತಿದ್ದರು ಅಂತ ಈಗಲೂ ನನ್ನ ಅಭಿಪ್ರಾಯ. ಆದರೆ ರಾತ್ರಿ ಹನ್ನೊಂದಕ್ಕೆ ಮೇಲ್ ಬರೆಯುವ ವಿಷಯ ಅಲ್ಲ ಅದು. ಇಡೀ ಸೀಸನ್ನಿಗೆ ಕೆಲವೇ ಸಾವಿರ ಡಾಲರ್ ಪಡೆದು, ಹಗಲು ಬೇರೆ ಕಡೆ ದುಡಿದು, ಪಂದ್ಯಕ್ಕೆ ಮುಂಚೆ ತಾನೇ ಕುಂಟೆ ಹಿಡಿದು ಮಣ್ಣು ಸಮ ಮಾಡುವ ಮನುಷ್ಯ. ಬಂಟ್ ಮಾಡಿಸುವ ಸ್ವಾತಂತ್ರ್ಯವಾದರೂ ಇರಲಿ.

ಮುಂದಿನ ವರ್ಷ ಮಗ ವಾರ್ಸಿಟಿ, ಅಂದರೆ ಶಾಲೆಯ ಮೊದಲ ತಂಡಕ್ಕೆ ಬಂದ. ಕೋಚ್ ಅವರೇ. ಎರಡನೇ ಬೇಸಿನ ಜೊತೆ ಆಗಾಗ ಪಿಚಿಂಗ್ ಕೂಡ. ಮಾರ್ಚಿನಲ್ಲಿ ಎರಡು ಪಂದ್ಯ ಚೆನ್ನಾಗಿ ಹಾಕಿದ. ಏಪ್ರಿಲ್ ಬಂತು, ಚೆಂಡು ಅವನ ಕೈಗೆ ಬರಲೇ ಇಲ್ಲ. ಎರಡು ವಾರ. ಮನೆಯಲ್ಲಿ ಮತ್ತೆ ಕುಂಬ್ಳೆ ಪುರಾಣ. ಈ ಸಲ ಲ್ಯಾಪ್‌ಟಾಪ್ ತೆಗೆಯಲು ನಾನು ಬಿಡಲಿಲ್ಲ. "ನೀನೇ ಹೋಗಿ ಕೇಳೋ ಪುಟ್ಟ" ಅಂದೆ. ಇವತ್ತು ನಾಳೆ ಅಂತ ತಳ್ಳಿದ. ಕೊನೆಗೊಂದು ದಿನ ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ.

"ಕೇಳೋದು ಏನೂ ಇಲ್ಲಮ್ಮ. ನಾನೇ ಹೇಳಿದ್ದೆ ಅವರಿಗೆ, ಮೊಣಕೈ ನೋಯ್ತಿದೆ ಅಂತ. ಅಪ್ಪಂಗೆ ಹೇಳ್ಬೇಡ."

ನನಗೆ ಮೊದಲು ನೆನಪಾದದ್ದು ಭಾನುವಾರಗಳು. ಸೀಸನ್ ನಡೆಯುವಾಗ ಹೊರಗಿನ ಕ್ಲಬ್ಬಿಗೆ ಆಡುವ ಹಾಗಿಲ್ಲ, ಇಲ್ಲಿ ನಿಯಮವೇ ಇದೆ. ಅಪ್ಪನ ಜೊತೆ ಪಾರ್ಕಿಗೆ ಹೋಗಬೇಡಿ ಅಂತ ಯಾವ ನಿಯಮವೂ ಇಲ್ಲ. ಪ್ರತಿ ಭಾನುವಾರ ಅಪ್ಪ ಗ್ಲವ್ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂರುವುದು, ಮಗ ಎಸೆಯುವುದು. ಅರವತ್ತು, ಎಪ್ಪತ್ತು, ಯಾರು ಎಣಿಸಿದ್ದರು? ಅಮೆರಿಕದ ಹೈಸ್ಕೂಲುಗಳಲ್ಲಿ 2017ರಿಂದ ಪ್ರತಿ ರಾಜ್ಯವೂ ಎಸೆತಕ್ಕೆ ಮಿತಿ ಇಡಲೇಬೇಕು. ನಮ್ಮಲ್ಲಿ ದಿನಕ್ಕೆ 110 ಗರಿಷ್ಠ. 31ರಿಂದ 50 ಎಸೆದರೆ ಒಂದು ದಿನ ಬಿಡುವು, 75ರ ತನಕ ಎರಡು ದಿನ, ಅದಕ್ಕಿಂತ ಜಾಸ್ತಿಯಾದರೆ ಮೂರು ದಿನ. ಈ ಲೆಕ್ಕವೆಲ್ಲ ಪಂದ್ಯದ್ದು. ಪಾರ್ಕಿನ ಎಸೆತ ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಹೇಳಬೇಡ ಅಂದಿದ್ದ, ಆದರೂ ಹೇಳಿದೆ. "ನಾವು ನೆಟ್ಸಲ್ಲಿ ದಿನಾ ಎಂಟು ಓವರ್ ಹಾಕ್ತಿದ್ವಿ, ಏನಾಗಿತ್ತು?" ಅಂದರು. ಅವರ ದನಿ ಆಗಲೇ ಇಳಿದಿತ್ತು. ಡಾಕ್ಟರ ಹತ್ತಿರ ಹೋದಾಗ ಆಕೆ ಕೈ ಮಡಿಸಿ ತೋರಿಸಿದರು. ಕ್ರಿಕೆಟ್ ಬೌಲಿಂಗಿನಲ್ಲಿ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ಬಿಚ್ಚಿದರೆ ಆ ಎಸೆತವೇ ಅಕ್ರಮ. ಪಿಚಿಂಗಿನಲ್ಲಿ ಮಡಚಿದ ಮೊಣಕೈ ರಪ್ಪನೆ ಬಿಚ್ಚಿಕೊಳ್ಳುತ್ತದೆ, ಒಳಬದಿಯ ಕಟ್ಟಿನ (ಲಿಗಮೆಂಟ್) ಮೇಲೆ ಅಷ್ಟೂ ಎಳೆತ ಬೀಳುತ್ತದೆ. ಆ ಕಟ್ಟು ಹರಿದರೆ ಮಾಡುವ ಆಪರೇಷನ್ನಿಗೆ ಟಾಮಿ ಜಾನ್ ಅಂತಲೇ ಹೆಸರು. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಮೊದಲ ಸಲ ಅದನ್ನು ಮಾಡಿದ್ದು ಆ ಹೆಸರಿನ ಪಿಚರಿಗೆ. ಪುಣ್ಯಕ್ಕೆ ನಮ್ಮವನದು ಹರಿದಿರಲಿಲ್ಲ. ನಾಲ್ಕು ವಾರ ಎಸೆಯುವ ಹಾಗಿಲ್ಲ ಅಂದರು. ಎಜಮಾನ್ರು ಕ್ಯಾಚರ್ ಗ್ಲವ್ ತೆಗೆದುಕೊಂಡು ಹೋಗಿ ಗ್ಯಾರೇಜಿನ ಅಟ್ಟದ ಮೇಲೆ ಇಟ್ಟರು. ಆ ವಿಷಯ ಮತ್ತೆ ಎತ್ತಲಿಲ್ಲ.

ಆದರೆ ಕೋಚಿನ ಹತ್ತಿರ ನಾನು ಹೋದೆ. ಅವರದೇ ಕಾಗದದಲ್ಲಿ ಆರೋಗ್ಯದ ಬಗ್ಗೆ ಮಾತಾಡಬಹುದು ಅಂತಿತ್ತಲ್ಲ. ಪಂದ್ಯವಿಲ್ಲದ ದಿನ ನೋಡಿ, ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ. ಪಿಚಿಂಗಿಗೆ ಯಾಕೆ ಹಾಕಲಿಲ್ಲ ಅಂತ ಅಲ್ಲ. ಹದಿನಾರು ವರ್ಷದ ಹುಡುಗ ನೋವು ಅಂದರೆ ಮನೆಗೆ ಯಾಕೆ ಒಂದು ಫೋನ್ ಬರಲಿಲ್ಲ ಅಂತ. ಅವನೇ ಬೇಡ ಅಂದ, ನಾನು ಎಸೆಯುವುದನ್ನು ನಿಲ್ಲಿಸಿದ್ದೆ, ಅಷ್ಟು ಸಾಕು ಅಂದುಕೊಂಡೆ ಅಂದರು. ಸಾಕಾಗಲ್ಲ ಅಂದೆ. ಸ್ವಲ್ಪ ಹೊತ್ತು ಟೋಪಿ ತಿರುಗಿಸುತ್ತಾ ಕೂತು, ತಪ್ಪಾಯಿತು ಅಂದರು. ಇನ್ನು ಮುಂದೆ ಯಾವ ಹುಡುಗ ನೋವು ಅಂದರೂ ಅವತ್ತೇ ಮನೆಗೆ ತಿಳಿಸುವುದು ಅಂತ ಆಯಿತು. ಹಿಂದಿನ ವರ್ಷದ ಮೇಲ್ ನೆನಪಿತ್ತೋ ಏನೋ, ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇನ್ನೊಂದು ನಡೆದದ್ದು ಮೇ ತಿಂಗಳಲ್ಲಿ. ಮಂಗಳವಾರ ನಮ್ಮ ಮುಖ್ಯ ಪಿಚರ್ ಅರ್ಧ ಪಂದ್ಯ ಹಾಕಿದ್ದ. ನನ್ನ ಪುಸ್ತಕದಲ್ಲಿ 54 ಎಸೆತ. ಸಹಾಯಕ ಕೋಚಿನ ಕೈಯಲ್ಲಿನ ಎಣಿಸುವ ಬಟನ್ನಿನಲ್ಲಿ 49. ಎರಡು ಸ್ಟ್ರೈಕ್ ಆದಮೇಲೆ ಗೆರೆಯಾಚೆ ಬೀಳುವ ಫೌಲ್‌ಗಳಲ್ಲಿ ಒತ್ತಲು ಮರೆಯುವುದು ಸಹಜ, ಸ್ಟ್ರೈಕಿನ ಲೆಕ್ಕ ಬದಲಾಗುವುದಿಲ್ಲವಲ್ಲ. ಐದು ಎಸೆತದ ವ್ಯತ್ಯಾಸ ಅಷ್ಟೇ. ಆದರೆ 49 ಆದರೆ ಗುರುವಾರ ಅವನನ್ನು ಹಾಕಬಹುದು, 54 ಆದರೆ ಶುಕ್ರವಾರದ ತನಕ ಮುಟ್ಟುವ ಹಾಗಿಲ್ಲ. ಗುರುವಾರ ಗೆಲ್ಲಲೇಬೇಕಾದ ಪಂದ್ಯ. ಎದುರು ತಂಡದ ಸ್ಕೋರ್ ಬರೆದಾಕೆಗೆ ಮೆಸೇಜ್ ಮಾಡಿದೆ. ಅವರ ಪುಸ್ತಕದಲ್ಲಿ 55. ಬುಧವಾರ ಸಂಜೆ ಎರಡೂ ಪುಟದ ಫೋಟೋ ಕೋಚಿಗೆ ಕಳಿಸಿದೆ, ಒಂದು ಮಾತೂ ಜೊತೆಗೆ ಬರೆಯದೆ. "ನೋಡಿದೆ" ಅಂತಷ್ಟೇ ಉತ್ತರ ಬಂತು. ಮುನಿಸೋ ಏನೋ ತಿಳಿಯಲಿಲ್ಲ.

ಗುರುವಾರ ಒಂಬತ್ತನೇ ಕ್ಲಾಸಿನ ಸಣಕಲ ಹುಡುಗ ಒಬ್ಬನನ್ನು ಪಿಚಿಂಗಿಗೆ ಇಳಿಸಿದರು. ಮೊದಲ ಇನಿಂಗ್ಸಿನಲ್ಲೇ ಐದು ರನ್ ಹೋಯಿತು. ಬೇಲಿಯ ಪಕ್ಕದ ಕುರ್ಚಿಗಳೆಲ್ಲ ಒಂದೇ ಸಮ ಗೊಣಗಲು ಶುರು. ಒಳ್ಳೇ ಪಿಚರನ್ನು ಕೂರಿಸಿಕೊಂಡು ಇವನನ್ನು ಹಾಕೋದಾ? ಈ ಮನುಷ್ಯನಿಗೆ ಗೆಲ್ಲೋ ಆಸೆ ಇದೆಯಾ? ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಆ ಮುಖ್ಯ ಪಿಚರಿನ ಅಪ್ಪನೇ. ಕೋಚ್ ತಿರುಗಿ ನೋಡಲಿಲ್ಲ. ಕಾರಣ ಹೇಳಲೂ ಇಲ್ಲ. ಬೇರೆಯವರ ಮಗನ ಬಗ್ಗೆ ಮಾತಾಡುವ ಹಾಗಿಲ್ಲ ಅನ್ನುವ ಕಾಗದ ನನಗೂ ಅನ್ವಯಿಸುತ್ತದೆ ಅಂತ ನಾನೂ ಬಾಯಿ ಮುಚ್ಚಿಕೊಂಡು ಬರೆಯುತ್ತಿದ್ದೆ.

ನನ್ನ ಪಕ್ಕ ನಮ್ಮೆಜಮಾನ್ರೂ ಬಿಸಿಯಾಗುತ್ತಿದ್ದರು. "ಏನ್ ಕೋಚೋ ಏನೋ ಇವ್ನು..." ಅಂತ ಬಾಯಿ ತೆಗೆದರು. ತಲೆ ಎತ್ತದೇ ಕನ್ನಡದಲ್ಲಿ "ಐವತ್ನಾಲ್ಕು ಕಣ್ರೀ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದರು. ಬಾಯಿ ಮುಚ್ಚಿತು. ಎದ್ದು ಹೋಗಿ ಎರಡು ಕಾಫಿ ತಂದರು.

ನಾಲ್ಕನೇ ಇನಿಂಗ್ಸಿನಲ್ಲಿ ಆ ಸಣಕಲ ಹುಡುಗ ಇನ್ನೂ ಹಾಕುತ್ತಲೇ ಇದ್ದ. ಎಜಮಾನ್ರು ಬಗ್ಗಿ ನನ್ನ ಪುಸ್ತಕ ಇಣುಕಿದರು. "ಇವನದು ಎಷ್ಟಾಯ್ತು?"

"ಎಪ್ಪತ್ತೊಂದು" ಅಂದೆ.